ನಾಯಿಯ ಮಾತಿಗೆ ಬರೆದ ಅಕ್ಷರ

ಶಾಲೆಯ ಇಂಗ್ಲಿಷ್ ತಕ್ತೆಯಲ್ಲಿ, ಹುಟ್ಟುಹಬ್ಬದ ಕಾರ್ಡಿನಲ್ಲಿ ಒಂದು ನಮೂನಿ ಅಕ್ಷರ ನೀವು ನೋಡಿರತೀರಿ. ದುಂಡಗೆ, ತುಸು ಡೊಂಕು, ಯಾರೋ ಸ್ಕೆಚ್ ಪೆನ್ನಿನಿಂದ ಬರೆದ್ಹಂಗ. ಅದರ ಹೆಸರು ಕಾಮಿಕ್ ಸ್ಯಾನ್ಸ್.

1994ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ, ಕಂಪ್ಯೂಟರಿಗೆ ಹೆದರುವ ಮಂದಿಗಾಗಿ 'ಬಾಬ್' ಎಂಬ ಪ್ರೋಗ್ರಾಮ್ ತಯಾರಿಸುತ್ತಿತ್ತು. ಪರದೆ ಮೇಲೆ ರೋವರ್ ಎಂಬ ನಾಯಿ ಬಂದು ದಾರಿ ತೋರಿಸುತ್ತಿತ್ತು. ಅದರ ಮಾತಿನ ಗುಳ್ಳೆಯೊಳಗೆ ಮಾತ್ರ ಟೈಮ್ಸ್ ನ್ಯೂ ರೋಮನ್ ಅಕ್ಷರ. ಅದು 1932ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆಂದು ಬಂದದ್ದು. ನಾಯಿ ನಿಂತು ಕೋರ್ಟಿನ ನೋಟಿಸು ಓದಿದಂಗಾಯ್ತು! ಅಲ್ಲಿ ಅಕ್ಷರದ ಕೆಲಸ ಮಾಡುತ್ತಿದ್ದ ವಿನ್ಸೆಂಟ್ ಕೊನೇರ್ ಅವರಿಗೆ ಇದು ಸರಿಬರಲಿಲ್ಲ. ಕಚೇರಿಯಲ್ಲಿದ್ದ ಬ್ಯಾಟ್‌ಮ್ಯಾನ್ ಚಿತ್ರಕಥೆಯ ಬರಹ ನೋಡಿಕೊಂಡು ಹೊಸ ಅಕ್ಷರ ತಿದ್ದಿದರು. 'ಬಾಬ್'ಗೆ ಅದು ಸೇರಲಿಲ್ಲ, ಬಾಬೂ ಬಹಳ ದಿನ ಬಾಳಲಿಲ್ಲ. ಅಕ್ಷರ ಮಾತ್ರ ವಿಂಡೋಸ್ ಜೋಡಿ ಮನೆಮನೆಗೆ ಹೋಯಿತು.

ಪುಕ್ಕಟೆ ಸಿಕ್ಕದ್ದನ್ನು ಮಂದಿ ಎಲ್ಲೆಂದರಲ್ಲಿ ಹಚ್ಚಿದರು. ಇಂಡಿಯಾನಾಪೊಲಿಸ್‌ನ ಗಂಡಹೆಂಡತಿ ಇಬ್ಬರು ಇದನ್ನು ನಿಷೇಧಿಸಿರೆಂದು ಚಳವಳಿಯನ್ನೇ ಹೂಡಿದರು. 2012ರ ಜುಲೈ 4ರಂದು ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಕಣದ ಸುದ್ದಿ ಹೇಳುವಾಗ ವಿಜ್ಞಾನಿ ಫ್ಯಾಬಿಯೋಲಾ ಜಿಯಾನೊಟ್ಟಿ ಇದನ್ನೇ ಬಳಸಿದ್ದರು. ಕಣ ಬಿಟ್ಟು ಅಕ್ಷರದ ಚರ್ಚೆಗೇ ಬಿದ್ದವರೂ ಇದ್ದರು. ದುಃಖದ ಪತ್ರಕ್ಕೆ, ಸರಕಾರಿ ನೋಟಿಸಿಗೆ ಇದು ಒಪ್ಪುವುದಿಲ್ಲ, ಖರೆ. ಆದರೆ ಅದು ಕೂಡಿಸಿದವರ ತಪ್ಪು.

ಮಾಸ್ತರ ಮಂದಿ ಗಮನಿಸಬೇಕಾದ್ದು ಬೇರೆ ಇದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಣ್ಣ 'ಎ' ಅಕ್ಷರಕ್ಕೆ ತಲೆ ಮೇಲೊಂದು ಕೊಕ್ಕೆ ಇರುತ್ತದೆ. ನಾವು ಮಕ್ಕಳಿಗೆ ಪಾಟಿ ಮೇಲೆ ತಿದ್ದಿಸುವುದು ಒಂದು ದುಂಡು, ಒಂದು ಗೀಟು. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಲಿಪಿ ಕಲಿಯುವ ನಮ್ಮ ಗಡಿ ಶಾಲೆಯ ಕೂಸಿಗೆ ಇದೊಂದು ನಾಲ್ಕನೆಯ ಲಿಪಿ ಆಗಿಬಿಡುತ್ತದೆ. ಕಾಮಿಕ್ ಸ್ಯಾನ್ಸಿನ 'ಎ' ಪಾಟಿಯ ಮೇಲಿನ ಹಂಗೇ ಇದೆ. ಓದಲು ತೊಡಕಾಗುವವರಿಗೆ ಹೊಂದುವ ಅಕ್ಷರಗಳ ಪೈಕಿ ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘವೂ ಇದನ್ನು ಹೆಸರಿಸಿದೆ. ಎಲ್ಲ ಮಕ್ಕಳಿಗೂ ಇದೇ ಮದ್ದು ಅಂತ ಅಲ್ಲ.

ಇದರಲ್ಲಿ ಕನ್ನಡ ಅಕ್ಷರ ಇಲ್ಲವೇ ಇಲ್ಲ. ಯುನಿಕೋಡ್ ಕನ್ನಡಕ್ಕೆ ಇದನ್ನು ಆರಿಸಿದರೆ ಕಂಪ್ಯೂಟರ್ ಸುಮ್ಮನೆ ಬೇರೆ ಅಕ್ಷರ ತಂದಿಡುತ್ತದೆ. ಹಳೆಯ ನುಡಿ ಅಕ್ಷರದ ಬರಹಕ್ಕೆ ಹಚ್ಚಿದಿರೋ, ಸಾಲೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಚೂರು. ತಲೆಬರಹಕ್ಕಾದರೆ 'ಬಲೂ ತಮ್ಮ' ಎಂಬ ದುಂಡು ಕನ್ನಡ ಅಕ್ಷರ ಪುಕ್ಕಟೆ ಸಿಗುತ್ತದೆ. ಕೆಳಗಿನ ಸಾಲುಗಳಿಗೆ ಜಾಗ ಬಿಟ್ಟು ಪ್ರಿಂಟ್ ತೆಗೆಯಿರಿ, ಆಮೇಲೆ ಕೈಯಿಂದಲೇ ಬರೆಯಿರಿ. ಮಕ್ಕಳಿಗೆ ತಮ್ಮ ಮಾಸ್ತರರ ಅಕ್ಷರದ ಗುರುತು ಇದ್ದೇ ಇರುತ್ತದೆ.