ಜಪಾನಿನ ಒಂದು ಕಿಸೆಚಾಕು

ಖಡ್ಗಗಳ ಚರಿತ್ರೆಯನ್ನು ಆದರದಿಂದ ಓದುವ ನಾವು ಕಿಸೆಯ ಚಾಕುವಿಗೂ ಚರಿತ್ರೆಯುಂಟೆಂಬುದನ್ನು ಮರೆಯುವೆವು. ಜಪಾನಿನಲ್ಲಿ 1876ರ ಸರಕಾರದ ಆಜ್ಞೆಯು ಸಾಮುರಾಯಿಗಳು ಸೊಂಟದಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಆ ಶತಮಾನದ ಕೊನೆಯ ದಶಕದಲ್ಲಿ, ಹ್ಯೋಗೊ ಪ್ರಾಂತದ ಮಿಕಿ ಎಂಬ ಕಮ್ಮಾರರ ಊರಿನಲ್ಲಿ ‘ಹಿಗೊನೊಕಾಮಿ’ ಎಂಬ ಮಡಿಸುವ ಚಾಕು ಹುಟ್ಟಿತು. ‘ಹಿಗೊ ಸೀಮೆಯ ಒಡೆಯ’ ಎಂಬುದು ಆ ಹೆಸರಿನ ಅರ್ಥ.

ಹೆಸರು ದೊಡ್ಡದು, ರಚನೆಯೋ ಅತಿ ಸರಳ. ಮಡಿಸಿದ ತಗಡಿನ ಹಿಡಿ, ಒಂದು ಅಲಗು, ಎರಡನ್ನೂ ಕೂಡಿಸುವ ಒಂದು ಮೊಳೆ, ಇಷ್ಟೆ. ಸ್ಪ್ರಿಂಗಿಲ್ಲ, ಬೀಗವಿಲ್ಲ, ಅಲಗಿನ ಬುಡದಲ್ಲಿ ಹೊರಚಾಚಿದ ತುಣುಕನ್ನು ಹೆಬ್ಬೆರಳಿನಿಂದ ಒತ್ತಿಹಿಡಿಯುವುದೇ ಭದ್ರತೆ. ಬೆಲೆ ಅಗ್ಗವಾದುದರಿಂದ ಅದು ಶಾಲೆಯ ಮಕ್ಕಳ ಕಿಸೆಗಳನ್ನು ಸೇರಿತು. ಸೀಸದ ಕಡ್ಡಿ ಹೆರೆಯುವುದಕ್ಕೂ ಬಿದಿರಿನ ಆಟಿಕೆ ಮಾಡುವುದಕ್ಕೂ ಅದೊಂದೇ ಸಾಕಾಗಿತ್ತು.

1960ರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಇನೆಜಿರೊ ಅವರನ್ನು ಹದಿನೇಳು ವರ್ಷದ ಹುಡುಗನೊಬ್ಬನು ಸಭಾವೇದಿಕೆಯ ಮೇಲೆಯೇ ಇರಿದು ಕೊಂದನು. ಆ ಆಯುಧವು ಗಿಡ್ಡ ಖಡ್ಗ. ಅಪರಾಧ ಹೊರಬೇಕಾದುದು ಮಾತ್ರ ಕಿಸೆಚಾಕು! ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿಯು ಬಲಗೊಂಡಿತು. ಕಡ್ಡಿ ಹೆರೆಯುವ ಯಂತ್ರಗಳೂ ಹಬ್ಬಿದವು. ಕುಲುಮೆಗಳು ಒಂದೊಂದಾಗಿ ಆರಿ, ಆ ಹೆಸರಿನ ಹಕ್ಕುಳ್ಳ ಮನೆತನವು ಮಿಕಿಯಲ್ಲಿ ಒಂದೇ ಉಳಿಯಿತು.

ಆದರೂ ಮಾದರಿಯು ಅಳಿಯಲಿಲ್ಲ. ನಾಗಾನೊ ಪ್ರಾಂತದ ಒಂದು ಪ್ರಾಥಮಿಕ ಶಾಲೆಯು ಹೊಸದಾಗಿ ಸೇರಿದ ಮಕ್ಕಳಿಗೆ ಇದೇ ಚಾಕುವನ್ನು ಕೊಟ್ಟು ಹೆರೆಯಲು ಕಲಿಸಿತು. ಹೊಸ ಮಾದರಿಗಳು ಎಷ್ಟು ಬಂದರೂ ಇದನ್ನೇ ನಿತ್ಯವೂ ಕಿಸೆಯಲ್ಲಿಟ್ಟುಕೊಳ್ಳುವವರು ಹೊರದೇಶಗಳಲ್ಲಿಯೂ ಇರುವರು. ಇದನ್ನು ಬರಿಯ ಹಠವೆನ್ನಲಾಗದು. ಬೀಗವಿಲ್ಲದ ಚಾಕು ಎಚ್ಚರವನ್ನು ಕೈಗೇ ಕಲಿಸುವುದು. ಒಮ್ಮೆ ಕಲಿತ ಕೈ ಅದನ್ನು ಸುಲಭವಾಗಿ ಬಿಡದು. ಖಡ್ಗವನ್ನು ವಸ್ತುಸಂಗ್ರಹಾಲಯವು ಕಾಪಾಡೀತು. ಕಿಸೆಚಾಕುವನ್ನು ಕಾಪಾಡಬೇಕಾದವರು ಅದನ್ನು ದಿನವೂ ಬಳಸುವವರೇ.