ಮಳೆ ಕೈಕೊಟ್ಟ ವರ್ಷವೇ ಜ್ವರ ಬಂತು

1918 ಅಂದ ತಕ್ಷಣ ನಮಗೆ ನೆನಪಾಗೋದು ಮೊದಲ ಮಹಾಯುದ್ಧ ಮುಗಿದ ವರ್ಷ ಅಂತ. ಆದರೆ ವೀಕ್ಷಕರೇ, ಅದೇ ವರ್ಷ ಅವಿಭಜಿತ ಭಾರತದಲ್ಲಿ ಇನ್‌ಫ್ಲುಯೆಂಜಾ ಜ್ವರ 1 ಕೋಟಿಗೂ ಹೆಚ್ಚು ಜನರನ್ನ ಬಲಿ ತೆಗೆದುಕೊಳ್ತು. ಇಷ್ಟೊಂದು ಸಾವಿಗೆ ವೈರಸ್ ಒಂದೇ ಕಾರಣವಾ? ಉತ್ತರ ಬೇಕಂದ್ರೆ ಆ ವರ್ಷದ ಆಕಾಶ ನೋಡಬೇಕು.

ಜೂನ್ ಹೊತ್ತಿಗೆ ಬಾಂಬೆಗೆ ಕಾಲಿಟ್ಟ ಜ್ವರ ಮೊದಲು ಸೌಮ್ಯವಾಗೇ ಇತ್ತು. ಆದರೆ ಆ ಸಲ ಮುಂಗಾರು ಕೈಕೊಟ್ಟಿತ್ತು. ದೇಶದ ಮಳೆ ವಾಡಿಕೆಗಿಂತ ಸುಮಾರು ಕಾಲು ಭಾಗ ಕಡಿಮೆ. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ ವರ್ಷ ಅದು. ಯುದ್ಧದಿಂದ ಧಾನ್ಯದ ಬೆಲೆ ಮೊದಲೇ ಏರಿತ್ತು, ಈಗ ಬೆಳೆಯೂ ಒಣಗಿತು. ಸೆಪ್ಟೆಂಬರ್‌ನಲ್ಲಿ ಎರಡನೇ ಅಲೆ ಎದ್ದಾಗ ಅದಕ್ಕೆ ಸಿಕ್ಕಿದ್ದು ಅರೆಹೊಟ್ಟೆಯ ದೇಹಗಳು.

ಇಲ್ಲಿಗೇ ಮುಗಿಯಲಿಲ್ಲ. ಈ ಜ್ವರ ಹೆಚ್ಚಾಗಿ ಹೊಡೆದಿದ್ದು 20ರಿಂದ 40 ವರ್ಷದವರನ್ನ. ಅಂದರೆ ಕೊಯ್ಯಬೇಕಾದವರು, ಹಿಂಗಾರು ಬಿತ್ತಬೇಕಾದವರು ಹಾಸಿಗೆ ಹಿಡಿದರು. ಅಳಿದುಳಿದ ಬೆಳೆಗೂ ಆಳಿಲ್ಲ. ಬರ ಜ್ವರವನ್ನ ಬೆಳೆಸಿತು, ಜ್ವರ ಹಸಿವನ್ನ ಬೆಳೆಸಿತು. 1921ರ ಜನಗಣತಿ ನೋಡಿ. ಇಂದಿನ ಭಾರತದ ಗಡಿಯ ಲೆಕ್ಕದಲ್ಲಿ, 1911ರಿಂದ 1921ರ ದಶಕದಲ್ಲಿ ಜನಸಂಖ್ಯೆ ಏರುವ ಬದಲು ಇಳಿಯಿತು. ಆಮೇಲಿನ ಯಾವ ಜನಗಣತಿಯಲ್ಲೂ ಹಾಗಾಗಿಲ್ಲ.

1918ರ ಬರ ಪ್ರಕೃತಿಯ ಏರಿಳಿತ. ಇವತ್ತು ಅದರ ಮೇಲೆ ನಾವೇ ಸೇರಿಸಿದ ಬಿಸಿಯೂ ಇದೆ. ಸಮುದ್ರ ಬಿಸಿಯಾದಷ್ಟೂ ಚಂಡಮಾರುತಕ್ಕೆ ಬಲ. 2020ರ ಮೇನಲ್ಲಿ ಅಂಫಾನ್ ಬಂಗಾಳಕ್ಕೆ ಅಪ್ಪಳಿಸಿದಾಗ ಲಾಕ್‌ಡೌನ್ ಇತ್ತು. ಗಾಳಿಯಿಂದ ಬದುಕಬೇಕಂದ್ರೆ ಆಶ್ರಯ ಕೇಂದ್ರದಲ್ಲಿ ಒತ್ತೊತ್ತಾಗಿ ಕೂರಬೇಕು, ಕೊರೊನಾದಿಂದ ಬದುಕಬೇಕಂದ್ರೆ ದೂರ ಕೂರಬೇಕು. ಜನ ಏನು ಮಾಡಬೇಕು? ಮರುವರ್ಷ ಎರಡನೇ ಅಲೆಯ ನಡುವೆಯೇ ತೌಕ್ತೆ ಬಂತು. ನಮ್ಮ ಕರಾವಳಿಯ ಮನೆಗಳಿಗೆ ಕಡಲು ನುಗ್ಗಿತು. ಮುಂಬೈನಲ್ಲಿ ತಾತ್ಕಾಲಿಕ ಕೋವಿಡ್ ಕೇಂದ್ರಗಳ ನೂರಾರು ರೋಗಿಗಳನ್ನ ರಾತ್ರೋರಾತ್ರಿ ಬೇರೆ ಆಸ್ಪತ್ರೆಗೆ ಸಾಗಿಸಬೇಕಾಯ್ತು.

ಲಾಕ್‌ಡೌನ್‌ನಿಂದ ಭೂಮಿ ತಂಪಾಯ್ತು ಅಂತ ಆಗ ಸಂದೇಶಗಳು ಹರಿದಾಡಿದವು. ನಿಜ ಏನು? 2020ರಲ್ಲಿ ಜಗತ್ತಿನ ಇಂಗಾಲದ ಹೊಗೆ ಇಳಿದಿದ್ದು ಶೇಕಡ 5ರ ಆಸುಪಾಸು ಮಾತ್ರ. ತುಂಬುತ್ತಿರುವ ತೊಟ್ಟಿಯ ನಲ್ಲಿಯನ್ನ ಸ್ವಲ್ಪ ತಿರುಗಿಸಿದ ಹಾಗೆ. ತೊಟ್ಟಿ ತುಂಬುತ್ತಲೇ ಇತ್ತು.

ನಮ್ಮ ಕಚೇರಿಗಳಲ್ಲಿ ಬರಕ್ಕೆ, ನೆರೆಗೆ ಒಂದು ಫೈಲ್, ಸಾಂಕ್ರಾಮಿಕ ರೋಗಕ್ಕೆ ಇನ್ನೊಂದು ಫೈಲ್. ಹಸಿದ ದೇಹ ಮಾತ್ರ ಒಂದೇ. ಹಾಗಾಗಿ ಮಳೆ ಕೊರತೆಯ ವರ್ಷ ಪಡಿತರ ಹೆಚ್ಚಿಸುವುದು ರೋಗ ತಡೆಯುವ ಕೆಲಸವೂ ಹೌದು. ಗಾಳಿ ಬೆಳಕಿರುವ, ಜಾಗವಿರುವ ಆಶ್ರಯ ಕೇಂದ್ರ ಕಟ್ಟುವುದು ಆಸ್ಪತ್ರೆ ಕಟ್ಟಿದಷ್ಟೇ ಮುಖ್ಯ. ಮುಂದಿನ ಸಲ ಜ್ವರ ಬಂದಾಗ ಆಕಾಶ ನಮ್ಮ ಪರವಾಗಿ ಇರುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. 1918ರಲ್ಲಿ ನಮ್ಮ ಮುತ್ತಜ್ಜಂದಿರಿಗೂ ಯಾರೂ ಕೊಟ್ಟಿರಲಿಲ್ಲ.