ಹಳೇ ಗಾಡಿ ಕಥೆ: ಕ್ಯಾಡಿಲಾಕ್ ಕೆಳಗೆ ಬ್ಯೂಯಿಕ್ ಗೇರ್‌ಬಾಕ್ಸ್ ಯಾಕೆ ಬಂತು?

(1)
ಬಿಕಾಂ ಓದ್ತಿರೋರಿಗೆ ಇದು ಗೊತ್ತಿರುತ್ತೆ. ನಮ್ಮ ಅಕೌಂಟ್ಸ್ ಪುಸ್ತಕದಲ್ಲಿ ಒಂದು ಚಾಪ್ಟರ್ ಇದೆ, ಅದರ ಪ್ರತಿ ಲೆಕ್ಕದಲ್ಲೂ ಯಾರದೋ ಗೋಡೌನಿಗೆ ಬೆಂಕಿ ಬೀಳುತ್ತೆ. ಸ್ಟಾಕ್ ಎಷ್ಟಿತ್ತು, ಉಳಿದಿದ್ದೆಷ್ಟು, ಪಾಲಿಸಿ ಎಷ್ಟಕ್ಕೆ, ಕ್ಲೇಮ್ ಎಷ್ಟು ಬರುತ್ತೆ. ಉತ್ತರದ ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗ್ತೀವಿ. ಸುಟ್ಟ ಗೋಡೌನಿನ ಮಾಲಿಗಾಗಿ ಕಾಯ್ತಾ ಕೂತಿದ್ದವರ ಕಥೆ ಏನಾಯ್ತು ಅಂತ ಆ ಲೆಕ್ಕ ಯಾವತ್ತೂ ಕೇಳಲ್ಲ.

ಇವತ್ತಿನ ಕಥೆಯಲ್ಲೂ ಒಂದು ಬೆಂಕಿ ಇದೆ. ಅಮೆರಿಕದ ಮಿಷಿಗನ್ ರಾಜ್ಯ, ಡೆಟ್ರಾಯಿಟ್ ಪಕ್ಕದ ಲಿವೋನಿಯಾ ಅನ್ನೋ ಊರು, 1953ರ ಆಗಸ್ಟ್ 12, ಬುಧವಾರ. ಸುಟ್ಟಿದ್ದು ಜನರಲ್ ಮೋಟರ್ಸ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕಾರ್ಖಾನೆ. ಎಪ್ಪತ್ತು ವರ್ಷ ಕಳೆದರೂ ಆ ಬೆಂಕಿಯ ಗುರುತು ಹಳೇ ಕಾರುಗಳ ಹೊಟ್ಟೆಯಡಿ ಸಿಗುತ್ತೆ. ಸ್ಪ್ಯಾನರ್ ಹಿಡಿದು ಕೆಳಗೆ ಮಲಗಿದವರಿಗೆ ಮಾತ್ರ ಕಾಣೋ ಗುರುತು ಅದು.

(2)
ಮೊದಲು ಆ ಗೇರ್‌ಬಾಕ್ಸ್ ಪರಿಚಯ. ಹೆಸರು ಹೈಡ್ರಾ-ಮ್ಯಾಟಿಕ್. 1939ರ ಕೊನೆಗೆ, 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿಗೆ ಬಂತು. ಲಕ್ಷಗಟ್ಟಲೆ ತಯಾರಾದ ಮೊದಲ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದೇ. ಇದರ ಹಿಂದಿದ್ದ ಮುಖ್ಯ ಎಂಜಿನಿಯರ್ ಅರ್ಲ್ ಥಾಮ್ಸನ್. ಅದಕ್ಕೂ ಮೊದಲು ಸಿಂಕ್ರೋಮೆಶ್ ಮಾಡಿದ್ದೂ ಇವರೇ. ಅಂದ್ರೆ ನಮ್ಮ ಮ್ಯಾನ್ಯುಯಲ್ ಕಾರಿನ ಗೇರ್ ಕರ್ರ್ ಅನ್ನದೆ ಬೀಳೋದಕ್ಕೂ ಇವರಿಗೊಂದು ಥ್ಯಾಂಕ್ಸ್ ಹೇಳ್ಬೇಕು.

ಬಿಎಂಟಿಸಿ ವೋಲ್ವೋ ಬಸ್ಸಿನಲ್ಲಿ ಡ್ರೈವರ್ ಕಾಲು ಗಮನಿಸಿದ್ದೀರಾ? ಕ್ಲಚ್ ಪೆಡಲ್ಲೇ ಇರಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಕೆಲಸ ಮಾಡುತ್ತೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಮಾತ್ರ ಆನ್ ಮಾಡಿ, ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತೆ. ಗಾಳಿಯ ಜಾಗದಲ್ಲಿ ಎಣ್ಣೆ ಹಾಕಿ, ಎರಡನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿದರೆ ಅದೇ ಹೈಡ್ರಾ-ಮ್ಯಾಟಿಕ್‌ನ ಫ್ಲೂಯಿಡ್ ಕಪ್ಲಿಂಗ್. ಅದರ ಹಿಂದೆ ಪ್ಲಾನೆಟರಿ ಗೇರ್‌ಗಳು: ನಡುವೆ ಸೂರ್ಯ, ಸುತ್ತ ಗ್ರಹಗಳು, ಹೊರಗೆ ಒಂದು ಉಂಗುರ. ಯಾವುದನ್ನ ಹಿಡಿದು ನಿಲ್ಲಿಸ್ತೀರಿ, ಯಾವುದನ್ನ ಬಿಡ್ತೀರಿ ಅನ್ನೋದರ ಮೇಲೆ ಗೇರ್ ಬದಲಾಗುತ್ತೆ. ಹೀಗೆ ಮುಂದಕ್ಕೆ ನಾಲ್ಕು ಗೇರ್. ಹಿಡಿಯೋ ಬಿಡೋ ಕೆಲಸ ಬ್ಯಾಂಡ್ ಮತ್ತು ಕ್ಲಚ್ ಪ್ಲೇಟ್‌ಗಳದ್ದು. ಅವಕ್ಕೆ ಆರ್ಡರ್ ಕೊಡೋದು ವಾಲ್ವ್ ಬಾಡಿಯಲ್ಲಿ ಓಡಾಡೋ ಎಣ್ಣೆಯ ಒತ್ತಡ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬರೀ ಎಣ್ಣೆ, ಸ್ಪ್ರಿಂಗ್ ಮತ್ತು ಕೂದಲೆಳೆ ಅಳತೆಯ ಸಂದುಗಳು.

ಎರಡನೇ ಮಹಾಯುದ್ಧದಲ್ಲಿ ಇದನ್ನ ಅಮೆರಿಕದ ಎಂ5 ಸ್ಟುವರ್ಟ್ ಟ್ಯಾಂಕಿಗೂ ಹಾಕಿದ್ರು. ಯುದ್ಧ ಮುಗಿದ ಮೇಲೆ ಬೇಡಿಕೆ ಹೇಗೆ ಏರಿತು ಅಂದ್ರೆ ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್, ಪಾಂಟಿಯಾಕ್ ಬಿಡಿ, ಹೊರಗಿನ ನ್ಯಾಶ್, ಹಡ್ಸನ್, ಕೈಸರ್ ಕಂಪನಿಗಳೂ ಕೊಂಡುಕೊಳ್ತಿದ್ವು. ಬದ್ಧ ಪ್ರತಿಸ್ಪರ್ಧಿ ಫೋರ್ಡ್ ತನ್ನ ದುಬಾರಿ ಲಿಂಕನ್ ಕಾರಿಗೆ ಜನರಲ್ ಮೋಟರ್ಸ್ ಹತ್ರನೇ ಗೇರ್‌ಬಾಕ್ಸ್ ತಗೊಳ್ತಿತ್ತು! ಇಷ್ಟೂ ಜನಕ್ಕೆ ಮಾಲು ಹೋಗ್ತಿದ್ದದ್ದು ಒಂದೇ ಜಾಗದಿಂದ, ಲಿವೋನಿಯಾದಿಂದ.

(3)
ಕಾರ್ಖಾನೆಯ ವಿಸ್ತೀರ್ಣ ಸುಮಾರು 15 ಲಕ್ಷ ಚದರ ಅಡಿ. ಹತ್ತಿರ ಹತ್ತಿರ 34 ಎಕರೆ, ಎಲ್ಲ ಒಂದೇ ಸೂರಿನಡಿ. ಒಳಗೆ ಬೆಂಕಿ ತಡೆಯೋ ಅಡ್ಡಗೋಡೆ ಇರಲಿಲ್ಲ. ಗೋಡೆ ಇದ್ದರೆ ಕನ್ವೇಯರ್ ಸಾಲಿಗೆ ಅಡ್ಡಿ, ಮಷಿನ್ ಜಾಗ ಬದಲಿಸೋಕೆ ಅಡ್ಡಿ. ಸ್ಪ್ರಿಂಕ್ಲರ್ ಇದ್ದದ್ದು ಕಟ್ಟಡದ ಒಂದು ಸಣ್ಣ ಭಾಗದಲ್ಲಿ ಮಾತ್ರ. ಛಾವಣಿ ಉಕ್ಕಿನ ಹಾಳೆ, ಅದರ ಮೇಲೆ ಟಾರು.

ಮಧ್ಯಾಹ್ನ ನಾಲ್ಕರ ಹತ್ತಿರ, ಮೇಲೆ ಗ್ಯಾಸ್ ಟಾರ್ಚ್ ಹಿಡಿದು ಯಾರೋ ಕೆಲಸ ಮಾಡ್ತಿದ್ರು. ಕಿಡಿ ಹಾರಿ ಕನ್ವೇಯರ್ ಕೆಳಗಿನ ತಟ್ಟೆಗೆ ಬಿತ್ತು. ಆ ತಟ್ಟೆಯಲ್ಲಿ ಇದ್ದದ್ದು ಪಾರ್ಟ್ಸ್‌ಗೆ ತುಕ್ಕು ಹಿಡಿಯದಿರಲಿ ಅಂತ ಹಚ್ಚೋ ದ್ರವ, ಬೇಗ ಹೊತ್ತಿಕೊಳ್ಳೋ ಜಾತಿಯದ್ದು. ಬೆಂಕಿ ತಟ್ಟೆಯುದ್ದಕ್ಕೂ ಓಡ್ತು. ಬಿಸಿ ಛಾವಣಿಗೆ ತಾಗಿ ಟಾರು ಕರಗಿ ಉರೀತಾ ಕೆಳಗೆ ತೊಟ್ಟಿಕ್ಕಿತು, ಬಿದ್ದಲ್ಲೆಲ್ಲ ಹೊಸ ಬೆಂಕಿ. ಕಟ್ಟಡ ಎಷ್ಟು ಅಗಲ ಇತ್ತು ಅಂದ್ರೆ ಹೊರಗೆ ನಿಂತ ಅಗ್ನಿಶಾಮಕದವರ ಪೈಪಿನ ನೀರು ನಡುಭಾಗ ಮುಟ್ಟಲೇ ಇಲ್ಲ. ಕೆಲವರು ಒಳಗೇ ಪ್ರಾಣ ಕಳ್ಕೊಂಡ್ರು. ಸಾವಿರಾರು ಜನ ಬೆಳಗ್ಗೆ ಕೆಲಸಕ್ಕೆ ಬಂದಿದ್ದ ಕಾರ್ಖಾನೆ ಸಂಜೆಗೆ ಬಗ್ಗಿದ ಉಕ್ಕಿನ ರಾಶಿಯಾಗಿತ್ತು. ಅಲ್ಲಿವರೆಗಿನ ಕೈಗಾರಿಕಾ ಬೆಂಕಿ ನಷ್ಟಗಳಲ್ಲಿ ಇದೇ ಅತಿ ದೊಡ್ಡದು ಅಂತ ಆಗ ಎಣಿಸಿದ್ರು.

ಈ ಕಥೆಯನ್ನ ಸಾಮಾನ್ಯವಾಗಿ ‘ಕಂಪನಿ ಹೇಗೆ ಎದ್ದು ನಿಂತಿತು’ ಅಂತ ಹೆಮ್ಮೆಯಿಂದ ಹೇಳ್ತಾರೆ. ಎದ್ದು ನಿಂತಿದ್ದು ನಿಜ, ಮುಂದೆ ಹೇಳ್ತೀನಿ. ಆದ್ರೆ ನನಗೆ ಆ ಅಡ್ಡಗೋಡೆ ತಲೆಯಿಂದ ಹೋಗ್ತಾ ಇಲ್ಲ. ಗೋಡೆ ಕಟ್ಟದೇ ಉಳಿಸಿದ ದುಡ್ಡು ಕಾಸ್ಟ್ ಶೀಟ್‌ನಲ್ಲಿ ‘ದಕ್ಷತೆ’ ಅಂತ ಕಾಣುತ್ತೆ. ನಮಗೆ ಪಾಠದಲ್ಲಿ ಎಕಾನಮಿಸ್ ಆಫ್ ಸ್ಕೇಲ್ ಅಂತ ಹೇಳಿಕೊಡೋವಾಗ ಈ ಕಾರ್ಖಾನೆಯ ಫೋಟೋ ಪಕ್ಕದಲ್ಲಿರಬೇಕಿತ್ತು.

(4)
ಮಾರನೇ ದಿನ ಪರಿಸ್ಥಿತಿ ಏನು? ಕಾರಿನ ಬಾಡಿ ರೆಡಿ, ಎಂಜಿನ್ ರೆಡಿ, ಗೇರ್‌ಬಾಕ್ಸ್ ಇಲ್ಲ. ಅಸೆಂಬ್ಲಿ ಸಾಲು ನಿಲ್ಲೋ ಹಂತ.

ಅದೃಷ್ಟಕ್ಕೆ ಜನರಲ್ ಮೋಟರ್ಸ್ ಒಳಗೇ ಇನ್ನೆರಡು ಆಟೋಮ್ಯಾಟಿಕ್‌ಗಳಿದ್ವು. ಬ್ಯೂಯಿಕ್‌ದು ಡೈನಾಫ್ಲೋ, ಶೆವರ್ಲೆದು ಪವರ್‌ಗ್ಲೈಡ್. ಎರಡೂ ಬೇರೆ ಕಡೆ ತಯಾರಾಗ್ತಿದ್ವು. ಹಾಗಾಗಿ ಸಾವಿರಾರು ಕ್ಯಾಡಿಲಾಕ್‌ಗಳಿಗೆ, ಒಂದಷ್ಟು ಓಲ್ಡ್ಸ್‌ಮೊಬೈಲ್‌ಗಳಿಗೆ ಡೈನಾಫ್ಲೋ ಹಾಕಿದ್ರು. ಪಾಂಟಿಯಾಕ್‌ಗೆ ಪವರ್‌ಗ್ಲೈಡ್ ಬಂತು. ಹೊರಗಿನ ಗಿರಾಕಿಗಳಿಗೆ ಇಂಥ ಅಣ್ಣತಮ್ಮಂದಿರ ಸಾಲ ಸಿಗಲಿಲ್ಲ, ಲಿಂಕನ್ ಕಾಯಬೇಕಾಯ್ತು.

ಇನ್ನು ಕಾರ್ಖಾನೆ. ಮಿಷಿಗನ್‌ನಲ್ಲೇ ವಿಲ್ಲೋ ರನ್ ಅಂತ ಒಂದು ದೈತ್ಯ ಕಟ್ಟಡ ಇತ್ತು. ಯುದ್ಧಕಾಲದಲ್ಲಿ ಫೋರ್ಡ್ ಅಲ್ಲಿ ಬಿ-24 ಬಾಂಬರ್ ವಿಮಾನ ತಯಾರಿಸ್ತಿತ್ತು. ಆಮೇಲೆ ಅದು ಕೈಸರ್ ಕಾರು ಕಂಪನಿ ಕೈಗೆ ಬಂತು. ಹೌದು, ಗೇರ್‌ಬಾಕ್ಸಿಗೆ ಕಾಯ್ತಿದ್ದ ಅದೇ ಕೈಸರ್! ಜನರಲ್ ಮೋಟರ್ಸ್ ಆ ಕಟ್ಟಡವನ್ನ ಮೊದಲು ಬಾಡಿಗೆಗೆ ಹಿಡಿದು, ಆಮೇಲೆ ಕೊಂಡೇಬಿಡ್ತು. ಸುಟ್ಟ ರಾಶಿಯಿಂದ ಎತ್ತಿ ರಿಪೇರಿ ಮಾಡಿದ ಮಷಿನ್‌ಗಳು, ಹೊಸ ಮಷಿನ್‌ಗಳು ಎಲ್ಲ ಅಲ್ಲಿಗೆ ಹೋದ್ವು. ಮೂರು ತಿಂಗಳೊಳಗೆ ಹೈಡ್ರಾ-ಮ್ಯಾಟಿಕ್ ಮತ್ತೆ ಹೊರಬರೋಕೆ ಶುರುವಾಯ್ತು. ಆ ಕಟ್ಟಡದಲ್ಲಿ 2010ರವರೆಗೂ ಗೇರ್‌ಬಾಕ್ಸ್ ತಯಾರಾಗ್ತಿತ್ತು.

(5)
ಈಗ ಗ್ಯಾರೇಜಿಗೆ ಬರೋಣ. ಇವತ್ತು ಯಾರೋ ಒಬ್ಬರು 1953ರ ಕ್ಯಾಡಿಲಾಕ್ ರಿಪೇರಿಗೆ ಇಳಿದಿದ್ದಾರೆ ಅಂದ್ಕೊಳ್ಳಿ. ಪುಸ್ತಕದಲ್ಲಿ ‘ಹೈಡ್ರಾ-ಮ್ಯಾಟಿಕ್’ ಅಂತಿದೆ. ಸೀಲ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಇರೋ ಕಿಟ್ ತರಿಸಿದ್ರು. ಕೆಳಗಿನ ಪ್ಯಾನ್ ಬಿಚ್ಚಿದ್ರೆ ಒಳಗಿರೋದೇ ಬೇರೆ! ಒಂದು ಪಾರ್ಟೂ ಕೂರಲ್ಲ.

ಬಿಚ್ಚೋಕೆ ಮೊದಲೇ ಕಂಡುಹಿಡಿಯಬಹುದು. ಆ ಕಾಲದ ಹೈಡ್ರಾ-ಮ್ಯಾಟಿಕ್‌ನಲ್ಲಿ ‘ಪಿ’ ಅಂದ್ರೆ ಪಾರ್ಕ್ ಇರಲಿಲ್ಲ. ಎಂಜಿನ್ ಆಫ್ ಮಾಡಿ ರಿವರ್ಸ್‌ಗೆ ಹಾಕಿದ್ರೆ ಅದೇ ಲಾಕ್. ಡೈನಾಫ್ಲೋಗೆ ಪಾರ್ಕ್ ಇತ್ತು. ಹಾಗಾಗಿ ಸ್ಟೀರಿಂಗ್ ಹತ್ರ ಬರೆದಿರೋ ಅಕ್ಷರಗಳನ್ನ ಮೊದಲು ಓದಬೇಕು. ಓಡಿಸಿದ್ರೂ ಗೊತ್ತಾಗುತ್ತೆ. ಹೈಡ್ರಾ-ಮ್ಯಾಟಿಕ್ ಗೇರ್ ಬದಲಿಸಿದಾಗ ಸಣ್ಣಗೆ ನೂಕುತ್ತೆ. ಅದರಲ್ಲೂ ಎರಡರಿಂದ ಮೂರಕ್ಕೆ ಹೋಗುವಾಗ ಮುಂದಿನ ಸೆಟ್, ಹಿಂದಿನ ಸೆಟ್ ಎರಡೂ ಒಂದೇ ಗಳಿಗೆಯಲ್ಲಿ ಬದಲಾಗಬೇಕು. ಬ್ಯಾಂಡ್ ಅಡ್ಜಸ್ಟ್‌ಮೆಂಟ್ ಸ್ವಲ್ಪ ತಪ್ಪಿದ್ರೂ ಒಂದೋ ಜರ್ಕ್, ಇಲ್ಲಾಂದ್ರೆ ಎಂಜಿನ್ ಸುಮ್ಮನೆ ಕಿರುಚುತ್ತೆ. ರೀಬಿಲ್ಡ್ ಮಾಡೋರ ಕೈಗುಣ ಗೊತ್ತಾಗೋದು ಇಲ್ಲೇ. ಡೈನಾಫ್ಲೋಗೆ ಆ ಗೋಜಿಲ್ಲ. ಡ್ರೈವ್‌ಗೆ ಹಾಕಿದ ಮೇಲೆ ಗೇರ್ ಬದಲಾಗೋದೇ ಇಲ್ಲ, ಬಲ ಹೆಚ್ಚಿಸೋ ಕೆಲಸ ಟಾರ್ಕ್ ಕನ್ವರ್ಟರ್ ನೋಡಿಕೊಳ್ಳುತ್ತೆ. ಬೆಣ್ಣೆ ಥರ ಜಾರುತ್ತೆ, ಆದ್ರೆ ಸೋಮಾರಿ.

ಇನ್ನೊಂದು ಗಂಟು ಇದೆ. ಬ್ಯೂಯಿಕ್ ಕಾರಿನಲ್ಲಿ ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿರುತ್ತೆ. ಕ್ಯಾಡಿಲಾಕ್‌ನಲ್ಲಿ ಆ ಶಾಫ್ಟ್ ತೆರೆದೇ ಇರುತ್ತೆ, ಅದಕ್ಕೆ ಯೂನಿವರ್ಸಲ್ ಜಾಯಿಂಟ್‌ಗಳು. ಹಾಗಾಗಿ ಡೈನಾಫ್ಲೋವನ್ನ ಕ್ಯಾಡಿಲಾಕ್‌ಗೆ ಕೂರಿಸೋಕೆ ಹಿಂಭಾಗವನ್ನ ಹೊಂದಿಸಬೇಕಾಯ್ತು. ಈಗ ಯಾರಾದ್ರೂ ‘ಒರಿಜಿನಲ್ ಹೈಡ್ರಾ-ಮ್ಯಾಟಿಕ್ ಹಾಕ್ತೀನಿ’ ಅಂತ ಡೈನಾಫ್ಲೋ ಕಿತ್ತು ಹಾಕಿದ್ರೆ ಗೇರ್‌ಬಾಕ್ಸ್ ಮೌಂಟ್, ಶಾಫ್ಟ್‌ನ ಉದ್ದ, ಕೋನ ಎಲ್ಲ ಮತ್ತೆ ನೋಡಬೇಕು. ನೋಡದಿದ್ರೆ ಒಂದು ಸ್ಪೀಡ್ ದಾಟಿದ ಮೇಲೆ ಸೀಟಿನಡಿಯಿಂದ ಗುಂಯ್ ಅಂತ ನಡುಕ ಶುರು.

ಯಾಕೆ ನಡುಕ? ಎರಡನೇ ಸ್ಲೈಡ್‌ನಲ್ಲಿ ನಾನು ಬಿಡಿಸಿರೋ ಚಿತ್ರ ನೋಡಿ (ನಗಬೇಡಿ). ಯೂನಿವರ್ಸಲ್ ಜಾಯಿಂಟ್ ಓರೆಯಾಗಿ ತಿರುಗಿದಾಗ ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲ್ಲ. ಒಂದು ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತೆ. ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಕೋನದಲ್ಲಿ, ಸರಿಯಾದ ದಿಕ್ಕಿನಲ್ಲಿ ಕೂತಿದ್ರೆ ಈ ಏರಿಳಿತ ಅಲ್ಲೇ ರದ್ದಾಗುತ್ತೆ. ಇಲ್ಲಾಂದ್ರೆ ಅದು ನೇರ ನಿಮ್ಮ ಸೊಂಟಕ್ಕೆ ಬರುತ್ತೆ.

ಪತ್ತೆ ಮಾಡೋದು ಹೀಗೆ. ಖಾಲಿ ರಸ್ತೆಯಲ್ಲಿ, ಗೊತ್ತಿರೋರು ಪಕ್ಕ ಇದ್ದಾಗ, ನಡುಕ ಬರೋ ಸ್ಪೀಡ್‌ಗೆ ಹೋಗಿ ಗಾಡಿಯನ್ನ ನ್ಯೂಟ್ರಲ್‌ಗೆ ತರಬೇಕು. ಎಂಜಿನ್ ಸದ್ದು ಇಳಿದ ತಕ್ಷಣ ನಡುಕವೂ ನಿಂತ್ರೆ ಕಾಯಿಲೆ ಎಂಜಿನ್ ಅಥವಾ ಕನ್ವರ್ಟರ್ ಕಡೆ. ಎಂಜಿನ್ ತಣ್ಣಗಾದ್ರೂ ನಡುಕ ಹಾಗೇ ಇದ್ರೆ ಅದು ಶಾಫ್ಟ್, ಜಾಯಿಂಟ್ ಅಥವಾ ಚಕ್ರದ್ದು. ಶಾಫ್ಟ್ ಚಕ್ರಕ್ಕಿಂತ ಸುಮಾರು ಮೂರು ಪಟ್ಟು ಜೋರಾಗಿ ತಿರುಗೋದ್ರಿಂದ ಅದರ ನಡುಕ ಸಣ್ಣಗೆ ಜುಮ್ ಅನ್ನುತ್ತೆ. ಚಕ್ರದ್ದಾದ್ರೆ ನಿಧಾನಕ್ಕೆ ಕುಲುಕಿದ ಹಾಗಿರುತ್ತೆ. ಎಷ್ಟೋ ಜನ ಇದನ್ನ ನೋಡದೆ ಮೊದಲೇ ಗೇರ್‌ಬಾಕ್ಸ್ ಇಳಿಸಿಬಿಡ್ತಾರೆ, ಆಮೇಲೆ ನೋಡಿದ್ರೆ ತಪ್ಪು ಒಂದು ಜಾಯಿಂಟ್‌ದು.

ನನ್ನ ಪ್ರಕಾರ ಡೈನಾಫ್ಲೋ ಇರೋ ಆ ಕ್ಯಾಡಿಲಾಕ್‌ಗಳನ್ನ ಹಾಗೇ ಬಿಡಬೇಕು. ‘ಒರಿಜಿನಲ್ ಅಲ್ಲ’ ಅಂತಾರೆ ಕೆಲವರು. ಆದ್ರೆ ಬೆಂಕಿ ಬಿದ್ದ ಆ ವಾರಗಳಲ್ಲಿ ಫ್ಯಾಕ್ಟರಿಯಿಂದಲೇ ಹಾಗೆ ಹೊರಬಂದಿದ್ದು, ಅದಕ್ಕಿಂತ ಒರಿಜಿನಲ್ ಇನ್ನೇನು? ಕಿತ್ತು ಹಾಕಿದ್ರೆ ಲಿವೋನಿಯಾದ ಒಂದು ಸಾಕ್ಷಿಯನ್ನೂ ಗುಜರಿಗೆ ಹಾಕಿದ ಹಾಗೆ.

ನಿಮ್ಮ ಮನೆಯಲ್ಲೋ ಮಾವನ ಮನೆಯಲ್ಲೋ ಹಳೇ ಆಟೋಮ್ಯಾಟಿಕ್ ಗಾಡಿ ಇದ್ರೆ ಗೇರ್ ಸೆಲೆಕ್ಟರ್ ಫೋಟೋ ಕಳಿಸಿ. ಯಾವ ಕಂಪನಿಯದ್ದಾದ್ರೂ ಪರವಾಗಿಲ್ಲ, ಅಕ್ಷರಗಳು ಕಾಣ್ಬೇಕು ಅಷ್ಟೇ.